ಕೊಯ್ಲಿನ ದಿನದ ಹಕ್ಕು



ಕನ್ನಡದಲ್ಲಿ ‘ಹಕ್ಕಲು’ ಎಂಬ ಹಳೆಯ ಶಬ್ದವಿದೆ. ಕೊಯ್ಲು ಮುಗಿದ ಗದ್ದೆಯಲ್ಲಿ ಉಳಿದ ತೆನೆಗಳನ್ನು ಬಡವರು ಆಯ್ದುಕೊಳ್ಳುವುದೇ ಹಕ್ಕಲು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಇಂದು ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿವೆ. ಹಕ್ಕಲು ಆಯುವವರು ಕಾಣೆಯಾದರು. ಉಳಿಕೆ ಮಾತ್ರ ಕಾಣೆಯಾಗಲಿಲ್ಲ. ಅದೀಗ ಹಲಸಿನ ಮರದಡಿಯಲ್ಲಿ ಬಿದ್ದಿದೆ.

ಕಾಫಿಗೆ ನೆರಳಾಗಿ ನಿಂತ ಹಲಸಿನ ಮರಗಳ ಹಣ್ಣು ಮುಂಗಾರು ಹಿಡಿಯುತ್ತಿದ್ದಂತೆ ಉದುರಿ ಕೊಳೆಯುತ್ತದೆ. ಕೊಯ್ಲಿನ ಕೂಲಿಯೂ ಹುಟ್ಟದೆಂದು ಮಾಲಕರು ಕೈಬಿಡುತ್ತಾರೆ. ಅದೇ ಮಳೆಗಾಲದಲ್ಲಿ ದಿನಗೂಲಿಯವರ ದುಡಿಮೆ ಕುಂಠಿತವಾಗುತ್ತದೆ. ಬೇಲಿಯ ಒಂದು ಬದಿಯಲ್ಲಿ ಕೊಳೆಯುವ ಹಣ್ಣು, ಇನ್ನೊಂದು ಬದಿಯಲ್ಲಿ ಅರೆಹೊಟ್ಟೆಯ ಮಕ್ಕಳು. ಬೇಲಿ ದಾಟಿ ಒಂದು ಕಾಯಿ ಎತ್ತಿದ ಬಡವನಿಗೆ ಕಳ್ಳನೆಂಬ ಹೆಸರು!

ಪವಿತ್ರ ಕುರ್‌ಆನಿನ ‘ಅಲ್ ಖಲಮ್’ ಅಧ್ಯಾಯದಲ್ಲಿ ತೋಟದ ಒಡೆಯರ ವೃತ್ತಾಂತವಿದೆ. ಬಡವನೊಬ್ಬನೂ ಒಳಬರದಿರಲೆಂದು ಅವರು ನಸುಕಿನಲ್ಲೇ ಕೊಯ್ಲಿಗೆ ಹೊರಟರು. ಅಷ್ಟರಲ್ಲಿ ತೋಟವೇ ನಾಶವಾಗಿತ್ತು. ‘ಅಲ್ ಅನ್‌ಆಮ್’ ಅಧ್ಯಾಯದ 141ನೇ ವಚನವು ಫಸಲಿನ ಹಕ್ಕನ್ನು ಕೊಯ್ಲಿನ ದಿನವೇ ಸಲ್ಲಿಸಲು ಹೇಳಿ, ಒಡನೆಯೇ ದುಂದನ್ನು ನಿಷೇಧಿಸುತ್ತದೆ. ಕೊಳೆತ ಮೇಲೆ ಕೊಡುವುದು ದಾನವಲ್ಲ, ಕಸ ವಿಲೇವಾರಿ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರವನ್ನು ವ್ಯರ್ಥಗೊಳಿಸಿತು. ಇದು ಮನೆ, ಹೋಟೆಲು, ಅಂಗಡಿಗಳ ಲೆಕ್ಕ ಮಾತ್ರ. ತೋಟದಲ್ಲೇ ಕೊಳೆತದ್ದು ಈ ಲೆಕ್ಕಕ್ಕೂ ಸಿಗಲಿಲ್ಲ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಮಾಲಕರ ಒಪ್ಪಿಗೆಯನ್ನು ಮುಂಚಿತವಾಗಿಯೇ ಕೇಳಬೇಕು. ಕೇಳುವ ಹೊಣೆ ಹಸಿದವನದಲ್ಲ, ಜಮಾಅತ್‌ನದು. ಎರಡನೆಯದಾಗಿ, ಮರವೇರುವವನಿಗೆ ನ್ಯಾಯವಾದ ಕೂಲಿ ಕೊಡಬೇಕು. ಬಡವನ ಬೆವರಿನಿಂದ ಪುಣ್ಯ ಸಂಪಾದಿಸುವುದು ಸಲ್ಲದು. ಮೂರನೆಯದಾಗಿ, ಹಣ್ಣಾಗುವ ಮೊದಲೇ ಇಳಿಸಬೇಕು. ಹಣ್ಣು ಕೆಲವೇ ದಿನ ಬಾಳುತ್ತದೆ. ಬೆಳೆದ ಕಾಯಿಯ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಮಳೆಗಾಲವಿಡೀ ಪಲ್ಯಕ್ಕಾಗುತ್ತದೆ. ಹಪ್ಪಳವೂ ಒಣಗಿಸಿದ ಬೀಜವೂ ತಿಂಗಳುಗಟ್ಟಲೆ ಉಳಿಯುತ್ತವೆ. ಈ ವಿದ್ಯೆ ಮಲೆನಾಡಿನ ತಾಯಂದಿರಿಗೆ ಗೊತ್ತು. ಅವರನ್ನು ಕೇಳದೆ ಸಮಿತಿ ರಚಿಸುವುದು ನಮ್ಮ ಗಂಡಸರ ಹಳೆಯ ಚಾಳಿ.

ಬೆಳೆದದ್ದನ್ನು ಹೊತ್ತು ತಂದು ಸಾಮೂಹಿಕ ಅನ್ನಕ್ಕೆ ಒಪ್ಪಿಸುವ ಹೊರೆಕಾಣಿಕೆಯ ಸಂಪ್ರದಾಯ ನಮ್ಮ ಹಿಂದೂ ನೆರೆಯವರಲ್ಲಿದೆ. ಶೃಂಗೇರಿಯಲ್ಲೂ ಹೊರನಾಡಿನಲ್ಲೂ ಯಾತ್ರಿಕರಿಗೆ ನಿತ್ಯ ಊಟವಿದೆ. ಆದರೆ ಲೈನ್ ಮನೆಯ ಮುದುಕಿ ಮಳೆಯಲ್ಲಿ ಅಷ್ಟು ದೂರ ನಡೆದಾಳೇ? ಆಕೆಯ ಬಾಗಿಲಿಗೆ ನಾವೇ ತಲುಪಿಸಬೇಕು. ತಲುಪಿಸುವಾಗ ಜಾತಿ ಧರ್ಮ ವಿಚಾರಿಸಬಾರದು, ಛಾಯಾಚಿತ್ರ ತೆಗೆಯಬಾರದು, ನಾವು ತಿನ್ನಲೊಲ್ಲದ ಕಾಯಿಯನ್ನು ಕೊಡಬಾರದು.

ಒಂದು ಮೊಹಲ್ಲಾ, ಹತ್ತು ಮರ, ಒಂದು ಏಣಿ: ಇಷ್ಟರಿಂದ ಆರಂಭಿಸಬಹುದು. ಇದಕ್ಕೆ ನಿಧಿ ಸಂಗ್ರಹವಾಗಲೆಂದು ಕಾಯಬೇಕಾಗಿಲ್ಲ. ಹಲಸು ಕಾಯುವುದಿಲ್ಲ, ಹಸಿವೂ ಕಾಯುವುದಿಲ್ಲ.