ಹೊರಗೆ ಹೋಗೋ ಬಾಗಿಲು ಎಲ್ಲಿದೆ?



ಶೃಂಗೇರಿಯಿಂದ ಸುಮಾರು ಹತ್ತು ಕಿಲೋಮೀಟರ್ ಹೋದರೆ ಕಿಗ್ಗ. ಮಳೆದೇವರು ಋಷ್ಯಶೃಂಗೇಶ್ವರನ ಊರು. ಮಳೆ ಕೈಕೊಟ್ಟಾಗ ಮಂತ್ರಿಗಳೂ ಅಲ್ಲಿಗೆ ಹೋಗಿ ಪರ್ಜನ್ಯ ಜಪ ಮಾಡಿಸಿದ್ದುಂಟು. ನೀವು ಹೋಗ್ತೀರಿ, ಹಣ್ಣುಕಾಯಿ ಮಾಡಿಸ್ತೀರಿ, ಪ್ರಸಾದ ತಗೊಂಡು ಮನೆಗೆ ಬರ್ತೀರಿ. ಮುಂದಿನ ವರ್ಷ ಹೋಗದಿದ್ದರೆ ಯಾರೂ ಫೋನ್ ಮಾಡಿ ‘ಯಾಕೆ ಬರಲಿಲ್ಲ’ ಅಂತ ಗದರಿಸಲ್ಲ.

ಕಲ್ಟ್ ಅಂತಾರಲ್ಲ, ಅದಕ್ಕೂ ಭಕ್ತಿಗೂ ಇರುವ ವ್ಯತ್ಯಾಸ ಇದೇ. ಪಂಥ ಹೊಸದು, ಆಚಾರ ವಿಚಿತ್ರ ಅಂದಮಾತ್ರಕ್ಕೆ ಅದು ಕಲ್ಟ್ ಆಗಲ್ಲ. 12ನೇ ಶತಮಾನದಲ್ಲಿ ಶರಣರ ದಾರಿಯೂ ಹೊಸದೇ ಆಗಿತ್ತು. ಆದರೆ ಅಲ್ಲಿ ಬಸವಣ್ಣನವರನ್ನೇ ಪ್ರಶ್ನೆ ಮಾಡುವ ಅಲ್ಲಮಪ್ರಭು ಇದ್ದರು.

ಈಗ ಬಿಡದಿಗೆ ಬನ್ನಿ. 2010ರಲ್ಲಿ ನಿತ್ಯಾನಂದನ ಬಂಧನ ಆಯ್ತು. ಆಶ್ರಮದ ಗುಟ್ಟು ಹೊರಗೆ ಹೇಳಬಾರದು ಅಂತ ಶಿಷ್ಯರಿಂದ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡ ಸುದ್ದಿಯೂ ಆಗಲೇ ಬಂತು. 2019ರಲ್ಲಿ ತಂದೆಯೊಬ್ಬರು, ‘ಮಕ್ಕಳನ್ನು ನೋಡಲು ಬಿಡ್ತಿಲ್ಲ’ ಅಂತ ಗುಜರಾತ್ ಹೈಕೋರ್ಟಿಗೆ ಹೋದರು. ವಯಸ್ಸಿಗೆ ಬಂದ ಮಕ್ಕಳು ‘ನಮ್ಮ ಇಷ್ಟದಿಂದಲೇ ಇದ್ದೇವೆ’ ಅಂದರು. 2020ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ರದ್ದು ಮಾಡುವ ಹೊತ್ತಿಗೆ ಸ್ವಾಮಿ ದೇಶದಲ್ಲೇ ಇರಲಿಲ್ಲ. ಆರೋಪ ಸರಿಯೋ ತಪ್ಪೋ, ಅದು ಕೋರ್ಟಿನ ಕೆಲಸ. ಆದರೆ ‘ನಮ್ಮ ಇಷ್ಟ’ ಅನ್ನೋ ಮಾತಿನ ಮುಂದೆ ಹೆತ್ತವರೂ ಕಾನೂನೂ ಕೈಕಟ್ಟಿ ನಿಲ್ಲಬೇಕಾಗುತ್ತೆ. ಅದಕ್ಕೇ ಮೊದಲೇ ಗುರುತಿಸಬೇಕು.

ಓದಿದವರು ಬೀಳಲ್ಲ ಅಂದ್ಕೋಬೇಡಿ. ನಾನೂ ಇಂಜಿನಿಯರಿಂಗ್ ಓದಿದವನೇ. 1995ರ ಮಾರ್ಚ್ 20ರಂದು ಟೋಕಿಯೋ ಮೆಟ್ರೋದಲ್ಲಿ ಸಾರಿನ್ ವಿಷ ಬಿಟ್ಟ ಓಂ ಶಿನ್ರಿಕ್ಯೋ ಪಂಥದವರಲ್ಲಿ ವಿಜ್ಞಾನ ಓದಿದವರಿದ್ದರು, ಹೃದಯದ ಆಪರೇಷನ್ ಮಾಡುವ ಡಾಕ್ಟರ್ ಇದ್ದ. ಯಾರೂ ಮೊದಲ ದಿನವೇ ‘ನಿನ್ನ ಬದುಕು ಕೊಡು’ ಅಂತ ಕೇಳಲ್ಲ. ಮೊದಲು ವಾರಾಂತ್ಯದ ಶಿಬಿರ. ಆಮೇಲೆ ಸೇವೆ. ಆಮೇಲೆ ಉಳಿತಾಯದ ದುಡ್ಡು. ಕೊನೆಗೆ ಕೆಲಸ, ಮನೆ, ಅಪ್ಪ-ಅಮ್ಮ.

ಹಾಗಾದರೆ ಏನು ನೋಡಬೇಕು? ಗುರುವನ್ನು ಪ್ರಶ್ನೆ ಕೇಳಿದವನಿಗೆ ಉತ್ತರ ಸಿಗುತ್ತೋ, ಶಿಕ್ಷೆ ಸಿಗುತ್ತೋ? ಕೊಟ್ಟ ದುಡ್ಡಿಗೆ ರಸೀದಿ, ಲೆಕ್ಕ ಇದೆಯೋ? ಮನೆಯವರ ಜೊತೆ ಒಬ್ಬರೇ ಕೂತು ಮಾತಾಡಲು ಬಿಡ್ತಾರೋ? ಶಿಷ್ಯರಿಗೊಂದು ನಿಯಮ, ಗುರುವಿಗೊಂದು ನಿಯಮವೋ? ಎಲ್ಲಕ್ಕಿಂತ ಮುಖ್ಯ, ಬಿಟ್ಟು ಹೋದವರ ಬಗ್ಗೆ ಅಲ್ಲಿ ಹೇಗೆ ಮಾತಾಡ್ತಾರೆ? ‘ಹೋದವರೆಲ್ಲ ದ್ರೋಹಿಗಳು, ಹೋದರೆ ಸರ್ವನಾಶ’ ಅನ್ನೋ ಜಾಗದಲ್ಲಿ ಭಕ್ತಿ ಇಲ್ಲ, ಭಯ ಇದೆ.

ಮನೆಯಲ್ಲಿ ಯಾರಾದರೂ ಇಂಥ ಕಡೆ ಹೋಗಿದ್ದರೆ ಬೈಯಬೇಡಿ. ‘ಮನೆಯವರು ನಿನ್ನ ಶತ್ರುಗಳು’ ಅಂತ ಅಲ್ಲಿ ಮೊದಲೇ ಹೇಳಿಕೊಟ್ಟಿರ್ತಾರೆ. ನೀವು ಬೈದರೆ ಅದು ನಿಜ ಆಗಿಬಿಡುತ್ತೆ. ಊಟ ಆಯ್ತಾ ಅಂತ ಕೇಳಿ. ಹಬ್ಬಕ್ಕೆ ಕರೀರಿ. ಅವರು ಹೊರಗೆ ಬರುವ ದಿನ, ನಿಮ್ಮ ಮನೆ ಬಾಗಿಲು ತೆರೆದಿರಲಿ.