ಫೋನ್ ಯಾರ ಕೈಯಲ್ಲಿರಬೇಕು?



ನಾನು ಎಂ.ಟೆಕ್ ಓದಿ ಐಟಿ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವಳು. ಇಂದು ನನ್ನ ಮಾತು ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವವರ ಬಗ್ಗೆ. ಅವರ ಮೆದುಳು ಕೆಲಸ ಮಾಡುವ ರೀತಿಯೇ ಬೇರೆ. ಇದನ್ನು ನರವೈವಿಧ್ಯ ಎನ್ನುತ್ತಾರೆ. ಇಂಥ ಎಷ್ಟೋ ಮನೆಗಳಲ್ಲಿ ಅಮ್ಮನೇ ಗಡಿಯಾರ, ಅಮ್ಮನೇ ಪರ್ಸು, ಅಮ್ಮನೇ ದಾರಿ. ಮಕ್ಕಳಿಗೆ ಇಪ್ಪತ್ತು ದಾಟಿದ ಮೇಲೂ ಹಾಗೆಯೇ. "ನನ್ನ ನಂತರ ಯಾರು?" ಎಂಬ ಪ್ರಶ್ನೆ ಆ ತಾಯಂದಿರ ನಿದ್ದೆ ಕೆಡಿಸುತ್ತದೆ. ಫೋನ್ ಇದಕ್ಕೆ ಪೂರ್ತಿ ಉತ್ತರವಲ್ಲ. ಆದರೆ ಅಮ್ಮ ಹೊತ್ತ ಕೆಲವು ಕೆಲಸಗಳನ್ನು ಮಕ್ಕಳ ಕೈಗೇ ದಾಟಿಸಲು ನೆರವಾಗುತ್ತದೆ.

ಮೊದಲನೆಯದು ಮಾತು. ಬಾಯಿಮಾತು ಕಷ್ಟವಾದವರು ಚಿತ್ರ ಒತ್ತಿದರೆ ಅವರ ಪರವಾಗಿ ಮಾತನಾಡುವ 'ಆವಾಜ್' ಹುಟ್ಟಿದ್ದು ನಮ್ಮ ಚೆನ್ನೈಯಲ್ಲೇ. ಐಐಟಿ ಮದ್ರಾಸ್‌ನಲ್ಲಿ ಓದಿದ ಅಜಿತ್ ನಾರಾಯಣನ್ ಇಲ್ಲಿನ 'ವಿದ್ಯಾಸಾಗರ್' ಸಂಸ್ಥೆಯ ಜೊತೆಗೂಡಿ ಇದನ್ನು ರೂಪಿಸಿದರು. ಈಗ ಅದು ಕನ್ನಡದಲ್ಲೂ ಸಿಗುವ ಆ್ಯಪ್. ನಮ್ಮಂಥವರಿಗೆ ಇದು ದೊಡ್ಡ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. "ಮಗುವಿಗೆ ಗೊಂದಲ, ಕನ್ನಡ ಬಿಟ್ಟುಬಿಡಿ" ಎನ್ನುವವರು ಬಹಳ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿಯ ಜೊತೆ ಮಾತು ಕನ್ನಡದಲ್ಲೇ ಇರಲಿ.

ಎರಡನೆಯದು ಸಮಯ. "ಸ್ನಾನ ಮಾಡಿ ಹೊರಡು" ಎನ್ನುವುದು ನಮಗೆ ಒಂದು ಮಾತು, ಕೆಲವರಿಗೆ ಹತ್ತು ಕೆಲಸ. ಆ ಹತ್ತನ್ನೂ ಬಿಡಿಸಿ ಫೋನಿನಲ್ಲಿ ಪಟ್ಟಿ ಮಾಡಿ, ಮುಗಿದಂತೆ ಗುರುತು ಹಾಕಲಿ. ಅಲಾರಂ ಇಡುವುದು ಮಾತ್ರ ಅವರೇ ಆಗಿರಲಿ. ನಾವೇ ಇಟ್ಟರೆ ಅದೂ ಅಮ್ಮನ ಕೂಗೇ!

ಮೂರನೆಯದು ದಾರಿ. ವೆಸ್ಟ್ ಮಾಂಬಲಂನ ಲೇಕ್ ವ್ಯೂ ರಸ್ತೆಯಿಂದ ಗಿಂಡಿಗೆ ಒಬ್ಬಳೇ ಹೋಗಬೇಕಾದ ಹುಡುಗಿಯನ್ನು ನೆನೆಸಿಕೊಳ್ಳಿ. ಮಾಂಬಲಂ ಸ್ಟೇಷನ್ನಿನವರೆಗೆ ಪ್ರತಿ ತಿರುವಿನ ಫೋಟೊ, ಹತ್ತಬೇಕಾದ ಪ್ಲಾಟ್‌ಫಾರ್ಮ್, ನಡುವೆ ಸೈದಾಪೇಟೆ, ಆಮೇಲೆ ಗಿಂಡಿ. ಇವೆಲ್ಲ ಕ್ರಮವಾಗಿ ಅವಳ ಫೋನಿನಲ್ಲಿರಲಿ. ಮೊದಲು ಜೊತೆಗೆ ಹೋಗಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಕೊನೆಗೆ ಸ್ಟೇಷನ್ನಿನಲ್ಲೇ ನಿಲ್ಲಿ. ಚಾರ್ಜ್ ಮುಗಿದರೆ ಎಂದು ವಿಳಾಸ, ನಂಬರ್ ಬರೆದ ಚೀಟಿಯೂ ಬ್ಯಾಗಿನಲ್ಲಿರಲಿ.

ನಾಲ್ಕನೆಯದು ಹಣ. 2024ರಲ್ಲಿ ಬಂದ 'ಯುಪಿಐ ಸರ್ಕಲ್' ಬಳಸಿದರೆ ನಿಮ್ಮ ಖಾತೆಯಿಂದ ಮಗ ಅಥವಾ ಮಗಳು ತಮ್ಮ ಫೋನಿನಲ್ಲೇ ಹಣ ಕೊಡಬಹುದು. ಪ್ರತಿ ಪಾವತಿಗೂ ನೀವು ಒಪ್ಪಿಗೆ ಕೊಡುವುದು ಒಂದು ಬಗೆ. ತಿಂಗಳಿಗೆ ಇಷ್ಟು ಎಂದು, ಹೆಚ್ಚೆಂದರೆ 15,000 ರೂಪಾಯಿ, ಮಿತಿ ಹಾಕಿ ಬಿಡುವುದು ಇನ್ನೊಂದು. ಮೊದಲನೆಯದರಿಂದ ಶುರು ಮಾಡಿ, ನಂಬಿಕೆ ಬಂದಂತೆ ಎರಡನೆಯದಕ್ಕೆ ಹೋಗಿ. ಒಟಿಪಿ ಯಾರಿಗೂ ಹೇಳಬಾರದೆಂಬ ಪಾಠ ಮಾತ್ರ ಮೊದಲ ದಿನವೇ ಆಗಲಿ.

ಇಲ್ಲಿ ಒಂದು ಎಚ್ಚರಿಕೆ. ಇದೇ ಫೋನ್ ಕಾವಲುಗಾರನೂ ಆಗಬಲ್ಲದು. ಎಲ್ಲಿದ್ದಾನೆ, ಯಾರಿಗೆ ಮೆಸೇಜ್ ಕಳಿಸಿದ ಎಂದು ದಿನವಿಡೀ ನೋಡುತ್ತಿದ್ದರೆ ಮನೆಯ ಗೋಡೆಯನ್ನು ಬೀದಿಯವರೆಗೆ ಎಳೆದಂತೆ, ಅಷ್ಟೇ. ಲೊಕೇಶನ್ ನೋಡುವುದಿದ್ದರೆ ಅವರನ್ನು ಕೇಳಿ, ಅವರಿಗೆ ಗೊತ್ತಿದ್ದೇ ನೋಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳೂ ಇವೆ. ಆ ಕಾಯ್ದೆ ಹೇಳುವ ಸೀಮಿತ ಪೋಷಕತ್ವ ಎಂದರೆ, ಪರಸ್ಪರ ನಂಬಿಕೆಯಿಂದ ಇಬ್ಬರೂ ಕೂಡಿ ನಿರ್ಧರಿಸುವುದು. ಪೋಷಕರೊಬ್ಬರೇ ನಿರ್ಧರಿಸುವುದಲ್ಲ.

ಆದ್ದರಿಂದ ಹೊಸ ಆ್ಯಪ್ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳೋಣ: ಇದರಿಂದ ಅವರ ಕೈಗೆ ಒಂದು ನಿರ್ಧಾರ ಹೆಚ್ಚಾಗಿ ಬರುತ್ತದೆಯೇ? ಬರುವುದಾದರೆ ಇರಲಿ, ಇಲ್ಲವಾದರೆ ಬೇಡ. ಒಂದು ತಿಂಗಳಿಗೆ ಒಂದೇ ಸಾಧನ ಸಾಕು, ಅವಸರ ಬೇಡ. ಇವುಗಳನ್ನು ಕಲಿಯಲು ನಮ್ಮ ವೇದಿಕೆಯ ಯಾವ ತಾಯಿಗೆ ನೆರವು ಬೇಕಾದರೂ ಸಂಕೋಚವಿಲ್ಲದೆ ನನ್ನನ್ನು ಕೇಳಿ. ಭಾನುವಾರ ನಾನು ಜೊತೆಗೆ ಕೂತು ಕಲಿಸುತ್ತೇನೆ.