ಬಿಟ್ಟಿ ಪ್ರಯಾಣವೂ ಬಿಟ್ಟಿ ಚಾಕರಿಯೂ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊರ ಊರಿನ ಸಂಗೀತೋತ್ಸವವೊಂದಕ್ಕೆ ಸ್ವಯಂಸೇವಕರು ಬೇಕಂತೆ. ಹೋಗಿಬರುವ ರೈಲು ಖರ್ಚು ಅವರದು, ಊಟ ಅವರದು, ಕಚೇರಿ ಕೇಳಲು ಟಿಕೀಟಿಲ್ಲವಂತೆ. ಹೀಗೊಂದು ಸುದ್ದಿ ನಮ್ಮ ಹೊಟೇಲು ಹುಡುಗರ ಕಿವಿಗೆ ಬಿದ್ದಿದೆ. "ಹೋಗಬಹುದೇ ಅಣ್ಣಾ?" ಎಂದು ನಾಲ್ಕೈದು ಮಂದಿ ನನ್ನನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಸಭೆಯಲ್ಲೇ ಹೇಳುವುದು ಲೇಸೆಂದು ಎದ್ದು ನಿಂತಿದ್ದೇನೆ.

ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ. ಕೈಯಲ್ಲಿ ಕಾಸಿಲ್ಲದೆ ಸಂಗೀತದ ಬೆನ್ನು ಹತ್ತಿ ಹೋದವರು ನಮ್ಮ ನಾಡಿನಲ್ಲೇ ಇದ್ದರು. 1933ರಲ್ಲಿ ಗದುಗಿನ 11 ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಟಿಕೀಟಿಗೆ ದುಡ್ಡಿರಲಿಲ್ಲ. ರೈಲಿನಲ್ಲಿ ಜನರೆದುರು ಹಾಡಿದ. ಟಿಕೀಟು ಕೇಳಿ ಬಂದವರಿಗೂ ಹಾಡನ್ನೇ ಒಪ್ಪಿಸಿದ. ಗ್ವಾಲಿಯರಿಗೆ ಹೋದ, ಅಲ್ಲಿ ಇಲ್ಲಿ ಅಲೆದು ಜಲಂಧರ ಸೇರಿದ. ಅದು ಹರಿವಲ್ಲಭ ಸಂಗೀತ ಸಮ್ಮೇಳನದ ಊರು. 1875ರಿಂದ ನಡೆದು ಬಂದ ಸಮ್ಮೇಳನವದು. ವಿನಾಯಕರಾವ್ ಪಟವರ್ಧನರು ಆ ಊರಲ್ಲಿ ಹುಡುಗನನ್ನು ಕಂಡು, ನಿಮ್ಮ ಕಡೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿಗೇ ಹೋಗು ಎಂದು ತಿಳಿಹೇಳಿದರು. 1936ರಲ್ಲಿ ಅವನು ಕುಂದಗೋಳದ ಗುರುಮನೆ ಸೇರಿದ. ಅಲ್ಲಿ ಕೊಡ ಹೊತ್ತು ನೀರು ತಂದ, ಮನೆಗೆಲಸ ಮಾಡಿದ. ಅವನೇ ಭೀಮಸೇನ ಜೋಶಿ. ಅದೇ ಗುರುವಿನ ಪಾಠಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದುಹೋಗುತ್ತಿದ್ದರು. 1952ರಲ್ಲಿ ಗುರು ತೀರಿಕೊಂಡರು. ಮರುವರ್ಷದಿಂದಲೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಆರಂಭವಾಯಿತು. ಅದನ್ನು ದಶಕಗಳ ಕಾಲ ಮುಂದೆ ನಿಂತು ನಡೆಸಿದವರು ಆ ನೀರು ಹೊತ್ತ ಶಿಷ್ಯರೇ.

ಆದರೆ ಒಂದು ಮಾತನ್ನು ಗಮನಿಸಿ. ನೀರು ಹೊತ್ತವನ ಕಿವಿಗೆ ಗುರುವಿನ ಕಂಠ ಬೀಳುತ್ತಿತ್ತು. ಅವನಿಗೆ ಪಗಾರ ಸಂದಾಯವಾಗುತ್ತಿತ್ತು, ನಾಣ್ಯ ಬೇರೆ, ಅಷ್ಟೆ. ನಿಮಗೆ ಏನು ಬೀಳುತ್ತದೆ? "ಹೊಟೇಲಿನಲ್ಲಿದ್ದೇನೆ" ಎಂದು ನೀವು ಬಾಯಿಬಿಟ್ಟರೆ ಸಾಕು, "ಹಾಗಾದರೆ ಅಡಿಗೆ ಕಡೆ ಹೋಗಪ್ಪಾ" ಎನ್ನುವವರು ಎಲ್ಲಾ ಕಡೆ ಇದ್ದಾರೆ. ಎದೆಗೆ ಬಿಲ್ಲೆ ಚುಚ್ಚಿಕೊಂಡು ವೇದಿಕೆಯ ಪಕ್ಕ ನಿಲ್ಲುವವರು ಕಾಲೇಜಿನ ಹುಡುಗರು. ಮೋರಿಯ ಬಳಿ ಪಾತ್ರೆಯ ರಾಶಿಯ ಮುಂದೆ ಕೂರುವವರು ನಾವು. ಒಳಗೆ ಖ್ಯಾಲು ಏರುತ್ತಿರುವಾಗ ಹೊರಗೆ ನೀವು ಚಹದ ಲೋಟ ತೊಳೆಯುವುದಾದರೆ, ಅದನ್ನು ಇಲ್ಲೇ ಪಗಾರಕ್ಕೆ ಮಾಡುತ್ತಿದ್ದೀರಲ್ಲ!

ಖರ್ಚಿನ ಲೆಕ್ಕವನ್ನೂ ನೋಡೋಣ. ತಿಂಗಳ ಪಗಾರ 15,000 ರೂಪಾಯಿ ಎನ್ನಿ, ದಿನಕ್ಕೆ 500 ಆಯಿತು. ಬಿನ್ ಪಗಾರಿ ರಜೆ ಮೂರು ದಿನ ಹಾಕಿದರೆ 1,500 ಹೋಯಿತು. ಉತ್ಸವ ಪುಣೆಯಲ್ಲೆಂದು ಇಟ್ಟುಕೊಂಡರೂ ಮುಂಬಯಿಯಿಂದ ಎರಡನೇ ದರ್ಜೆಯಲ್ಲಿ ಕೂತು ಹೋಗಿಬರುವ ಖರ್ಚು ಅದರ ಕಾಲು ಭಾಗವೂ ಆಗದು. ಅಂದಮೇಲೆ ಬಿಟ್ಟಿ ಪ್ರಯಾಣ ಎಲ್ಲಿಂದ ಬಂತು? ನಮ್ಮ ಭಾಷೆಯೇ ಜಾಣತನದ್ದು. ಪುಕ್ಕಟೆ ಸಿಕ್ಕಿದ್ದಕ್ಕೂ ಬಿಟ್ಟಿ ಎನ್ನುತ್ತೇವೆ, ಕೂಲಿ ಕೊಡದೆ ಜಬರದಸ್ತಿಯಿಂದ ದುಡಿಸಿಕೊಳ್ಳುವುದಕ್ಕೂ ಬಿಟ್ಟಿ ಎಂದೇ ಹೆಸರು. ಹಾಡು ಕೇಳುವ ಹಂಬಲವಿದ್ದರೆ ಹೋಗಿ. ರೈಲು ಚಾರ್ಜಿನ ಆಸೆಗೆ ಹೋಗಬೇಡಿ.

ಇಂಗ್ಲೆಂಡಿನಲ್ಲಿ ಗ್ಲಾಸ್ಟನ್‌ಬರಿ ಎಂಬ ದೊಡ್ಡ ಸಂಗೀತೋತ್ಸವವಿದೆ, 1970ರಲ್ಲಿ ಆರಂಭವಾದದ್ದು. ಆಕ್ಸ್‌ಫ್ಯಾಮ್ ಸಂಸ್ಥೆ ಅಲ್ಲಿಗೆ ಸ್ವಯಂಸೇವಕರನ್ನು ಕಳಿಸುತ್ತದೆ. ಸುಮಾರು ಎಂಟೆಂಟು ಗಂಟೆಯ ಮೂರು ಪಾಳಿ ಕೆಲಸ, ಮಿಕ್ಕ ಹೊತ್ತು ಸಂಗೀತ. ಮೊದಲೇ ಠೇವಣಿ ಇಡಬೇಕು. ಪಾಳಿ ಮುಗಿಸಿದವರಿಗೆ ಅದು ಹಿಂದಕ್ಕೆ ಬರುತ್ತದೆ. ಠೇವಣಿ ನಮ್ಮಂಥವರಿಗೆ ಭಾರವೇ. ಆದರೆ ಕೆಲಸವೆಷ್ಟು, ಬಿಡುವೆಷ್ಟು ಎಂಬುದು ಹೊರಡುವ ಮೊದಲೇ ಗೊತ್ತು. ಗಿರಣಿಯಲ್ಲಿ ದುಡಿದ ಹಿರಿಯರು ಇಲ್ಲಿ ಕೂತಿದ್ದಾರೆ; ಪಾಳಿಯ ಗಂಟೆ ಬರಹದಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸವೆಂದು ಅವರನ್ನು ಕೇಳಿ.

ಇನ್ನೊಂದು ಸಂಗತಿ. ಮಂಟಪದ ಗಳ ತಲೆಯ ಮೇಲೆ ಬಿದ್ದರೆ, ಕುದಿಯುವ ಎಣ್ಣೆ ಕೈಮೇಲೆ ಚೆಲ್ಲಿದರೆ ಯಾರು ಹೊಣೆ? ಕೆಲಸಗಾರರ ಪರಿಹಾರಕ್ಕೆ ಕಾಯಿದೆ ಇದೆ, ನಿಜ. ಆದರೆ ಅದು ನೌಕರನಿಗೆ. ಪಗಾರವೇ ಇಲ್ಲದೆ ಹೋದವನು ತಾನು ನೌಕರನೆಂದು ಸಾಧಿಸಲು ಹೊರಟರೆ ಚಪ್ಪಲಿ ಸವೆದೀತು.

ಆದುದರಿಂದ ಹೋಗುವ ಮನಸ್ಸಿದ್ದವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಸಂಘದಿಂದ ಆ ಉತ್ಸವದವರಿಗೆ ಒಂದೇ ಕಾಗದ ಬರೆಯೋಣ. ಎಷ್ಟು ಗಂಟೆ ಕೆಲಸ, ಯಾವ ಕೆಲಸ, ಯಾವ ಯಾವ ಕಚೇರಿಗೆ ಒಳಗೆ ಕೂರಲು ಬಿಡುವು, ರಾತ್ರಿ ಮಲಗಲು ಎಲ್ಲಿ, ಏಟು ಬಿದ್ದರೆ ಔಷಧದ ಖರ್ಚು ಯಾರದು, ರೈಲಿನ ಹಣ ಹೋಗುವಾಗಲೇ ಕೊಡುತ್ತಾರೋ ಬರುವಾಗಲೋ ಎಂದು ಕೇಳೋಣ. ಬರುವಾಗ ಕೊಡುತ್ತೇವೆ ಎಂದರೆ, ನಡುವೆ ಜಗಳವಾದ ದಿನ ನೀವು ಪರಊರಿನ ಸ್ಟೇಶನ್ನಿನಲ್ಲಿ ಬರಿಗೈಲಿ ನಿಂತಿರುತ್ತೀರಿ. ಉತ್ತರ ಕಾಗದದಲ್ಲೇ ಬರಲಿ, ಬಾಯಿಮಾತು ಬೇಡ. ಅದು ಕೈಸೇರುವ ತನಕ ಮಾಲೀಕರ ಹತ್ತಿರ ಯಾರೂ ರಜೆ ಕೇಳಲು ಹೋಗಬೇಡಿ.